ಕೋಶಪೊರೆ: ಯಾವುದು ದಾಟುತ್ತದೆ, ಹೇಗೆ ದಾಟುತ್ತದೆ? ಉರು ಹೊಡೆಯದೆ ತಿಳಿಯುವ ದಾರಿ

ಕೋಶಪೊರೆಯ ಪಾಠ ಬಂತು ಅಂದರೆ ಒಂದು ಕೋಷ್ಟಕವೂ ಬಂತು. ಸರಳ ವಿಸರಣೆ, ಸುಗಮ ವಿಸರಣೆ, ಅಭಿಸರಣೆ, ಸಕ್ರಿಯ ಸಾಗಣೆ, ಎಂಡೊಸೈಟೋಸಿಸ್, ಎಕ್ಸೊಸೈಟೋಸಿಸ್. ಒಂದೊಂದಕ್ಕೂ ಎರಡೆರಡು ಸಾಲಿನ ವ್ಯಾಖ್ಯೆ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದು, ಬೆಳಿಗ್ಗೆ ಬರೆಯುವುದು, ಮಧ್ಯಾಹ್ನದ ಹೊತ್ತಿಗೆ ಮರೆಯುವುದು. ನಾನೂ ಹಾಗೇ ಪಾಸಾದವನು. ಆಮೇಲೆ ಯಾರೋ ಬಂದು "ಸಕ್ಕರೆ ಕರುಳಿನಿಂದ ರಕ್ತಕ್ಕೆ ಹೇಗೆ ಹೋಗುತ್ತೆ?" ಅಂತ ಕೇಳಿದಾಗ ಬಾಯಿ ಬಿಟ್ಟುಕೊಂಡು ನಿಂತೆ. ಕೋಷ್ಟಕ ಪೂರ್ತಿ ನೆನಪಿತ್ತು, ಉತ್ತರ ಮಾತ್ರ ಇರಲಿಲ್ಲ.

ಆ ಕೋಷ್ಟಕ ಪಕ್ಕಕ್ಕಿಡಿ. ಯಾವ ವಸ್ತು ಎದುರಿಗೆ ಬಂದರೂ ಮೂರು ಪ್ರಶ್ನೆ ಸಾಕು. ಅದು ಎಣ್ಣೆಯೊಳಗೆ ನುಗ್ಗಬಲ್ಲದಾ? ಇಳಿಜಾರು ಯಾವ ಕಡೆಗಿದೆ? ಏರು ಹತ್ತಿಸಬೇಕು ಅಂದರೆ ಖರ್ಚು ಯಾರದು? ಒಂದೊಂದಾಗಿ ನೋಡೋಣ. ಪೆನ್ಸಿಲ್, ಕಾಗದ ಹತ್ತಿರ ಇಟ್ಟುಕೊಳ್ಳಿ.

ಹೆಜ್ಜೆ 1: ಪೊರೆಯನ್ನು ನಿಮ್ಮ ಕೈಯಾರೆ ಬರೆಯಿರಿ

ಒಂದು ಸಣ್ಣ ಸೊನ್ನೆ ಬರೆದು ಅದಕ್ಕೆ ಎರಡು ಬಾಲ ಎಳೆಯಿರಿ. ಇದೇ ಒಂದು ಫಾಸ್ಫೋಲಿಪಿಡ್ ಅಣು. ಸೊನ್ನೆ ಅದರ ತಲೆ. ತಲೆಯಲ್ಲಿ ಫಾಸ್ಫೇಟ್ ಇದೆ, ವಿದ್ಯುದಾವೇಶ ಇದೆ, ಹಾಗಾಗಿ ನೀರು ಅಂದರೆ ಇಷ್ಟ. ಬಾಲಗಳು ಕೊಬ್ಬಿನಾಮ್ಲದ ಉದ್ದ ಸರಪಳಿಗಳು. ನೀರು ಕಂಡರೆ ಅವಕ್ಕೆ ಆಗಿಬರುವುದಿಲ್ಲ. ಇಂಥ ಅಣುಗಳನ್ನು ನೀರಿಗೆ ಬಿಟ್ಟರೆ ಏನಾಗುತ್ತದೆ? ಬಾಲಗಳೆಲ್ಲ ಒಂದಕ್ಕೊಂದು ಮುಖ ಮಾಡಿ ಒಳಗೆ ಅಡಗಿಕೊಳ್ಳುತ್ತವೆ, ತಲೆಗಳು ಹೊರಗೆ ನೀರಿನ ಕಡೆ ನಿಲ್ಲುತ್ತವೆ. ಯಾರೂ ಜೋಡಿಸಬೇಕಿಲ್ಲ, ತಾನಾಗಿಯೇ ಎರಡು ಸಾಲಿನ ಹಾಳೆ ಸಿದ್ಧ. ಮೇಲೆ ಒಂದು ಸಾಲು ಸೊನ್ನೆ, ಕೆಳಗೆ ಒಂದು ಸಾಲು ಸೊನ್ನೆ, ನಡುವೆ ಬಾಲಗಳ ಎಣ್ಣೆಯಂಥ ಪದರ. ಅಷ್ಟು ಬರೆಯಿರಿ.

ದಪ್ಪ ಎಷ್ಟು ಗೊತ್ತಾ? ಪ್ರೋಟೀನುಗಳನ್ನೂ ಸೇರಿಸಿ ಸುಮಾರು 7ರಿಂದ 8 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಮಾಮೂಲಿ ಕಾಗದದ ಒಂದು ಹಾಳೆಯ ದಪ್ಪಕ್ಕೆ ಬರಬೇಕಾದರೆ ಹನ್ನೆರಡು ಸಾವಿರಕ್ಕೂ ಜಾಸ್ತಿ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ "ಪೊರೆ ಕಂಡಿತು" ಅಂತ ಬರೆಯುತ್ತೀವಲ್ಲ, ಅದು ಪೊರೆ ಅಲ್ಲ, ಕೋಶಭಿತ್ತಿ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲು ಆಗುವುದಿಲ್ಲ.

ಹಾಗಾದರೆ ಎರಡು ಸಾಲು ಇದೆ ಅಂತ ಗೊತ್ತಾಗಿದ್ದು ಹೇಗೆ? 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳಿಂದ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಪ್ರೌಢ ಕೆಂಪು ರಕ್ತಕಣವೇ ಯಾಕೆ? ಸಸ್ತನಿಗಳಲ್ಲಿ ಅದಕ್ಕೆ ಕೋಶಕೇಂದ್ರ ಇಲ್ಲ, ಒಳಗೆ ಬೇರೆ ಪೊರೆಗಳೂ ಇಲ್ಲ. ಸಿಕ್ಕ ಲಿಪಿಡ್ ಎಲ್ಲ ಹೊರಪೊರೆಯದ್ದೇ. ಅಳೆದು ನೋಡಿದರೆ ರಕ್ತಕಣಗಳ ಮೇಲ್ಮೈಗಿಂತ ಎರಡು ಪಟ್ಟು ಜಾಗ. ಅಂದರೆ ಪೊರೆಯಲ್ಲಿ ಎರಡು ಪದರ! ತಮಾಷೆ ಏನೆಂದರೆ ಅವರು ಎರಡು ತಪ್ಪು ಮಾಡಿದ್ದರು. ಲಿಪಿಡ್ ಪೂರ್ತಿಯಾಗಿ ಹೊರಬಂದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡೂ ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿ ಬಂತು. ನಮ್ಮ ಲೆಕ್ಕದ ಪರೀಕ್ಷೆಯಲ್ಲಿ ಇಂಥ ಅದೃಷ್ಟ ಯಾವತ್ತೂ ಬರಲಿಲ್ಲ, ಬಿಡಿ.

ಈಗ ಚಿತ್ರಕ್ಕೆ ಪ್ರೋಟೀನ್ ಸೇರಿಸಿ. ಕೆಲವನ್ನು ಈ ಬದಿಯಿಂದ ಆ ಬದಿಗೆ ಪೂರ್ತಿ ತೂರಿ ನಿಂತ ಹಾಗೆ ಬರೆಯಿರಿ, ಕೆಲವನ್ನು ಸುಮ್ನೆ ಒಂದು ಬದಿಗೆ ಅಂಟಿದ ಹಾಗೆ. ಹೊರಬದಿಯಲ್ಲಿ ಸಣ್ಣ ಸಕ್ಕರೆ ಸರಪಳಿಗಳು. ನಿಮ್ಮ ರಕ್ತದ ಗುಂಪು ಎ ಅಥವಾ ಬಿ ಅಂತ ತೀರ್ಮಾನವಾಗುವುದು ಈ ಸಕ್ಕರೆಗಳಿಂದಲೇ. ಪ್ರಾಣಿಕೋಶವಾದರೆ ಬಾಲಗಳ ನಡುವೆ ಅಲ್ಲಲ್ಲಿ ಕೊಲೆಸ್ಟ್ರಾಲ್ ಇರಲಿ. ಪೊರೆ ಬಿಸಿಗೆ ತೀರಾ ಸಡಿಲವಾಗದ ಹಾಗೆ, ಚಳಿಗೆ ಗಟ್ಟಿಯಾಗದ ಹಾಗೆ ಅದು ನೋಡಿಕೊಳ್ಳುತ್ತದೆ.

ಹೆಜ್ಜೆ 2: ಚಿತ್ರವನ್ನು ಅಲುಗಾಡಿಸಿ

ಕಾಗದದ ಮೇಲೆ ಬರೆದ ಪೊರೆ ಗೋಡೆಯ ಹಾಗೆ ಕಾಣುತ್ತದೆ. ಮೋಸ ಹೋಗುವುದೇ ಇಲ್ಲಿ. ಅದು ಗೋಡೆ ಅಲ್ಲ, ಎಣ್ಣೆಯ ಹಾಗೆ ಹರಿದಾಡುವ ಪದರ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಒಂದುಗೂಡಿಸಿದರು. ಇಲಿಯ ಪ್ರೋಟೀನಿಗೆ ಒಂದು ಬಣ್ಣ, ಮನುಷ್ಯನದಕ್ಕೆ ಇನ್ನೊಂದು ಬಣ್ಣ. ಮೊದಲಿಗೆ ಅರ್ಧ ಅರ್ಧ ಬೇರೆಯಾಗಿ ಕಂಡ ಬಣ್ಣಗಳು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷದೊಳಗೆ ಪೂರ್ತಿ ಬೆರೆತುಹೋದವು. ತಣ್ಣಗಿಟ್ಟರೆ ಬೆರೆಯಲಿಲ್ಲ. ಎರಡು ವರ್ಷದ ನಂತರ, 1972ರಲ್ಲಿ, ಸಿಂಗರ್ ಮತ್ತು ನಿಕೋಲ್ಸನ್ ಇದಕ್ಕೆಲ್ಲ ಸೇರಿಸಿ ಕೊಟ್ಟ ಹೆಸರೇ ದ್ರವ ಮೊಸಾಯಿಕ್ ಮಾದರಿ.

ಒಂದು ವಿಷಯ ಗಮನಿಸಿ. ಲಿಪಿಡ್ ಅಣು ಅಕ್ಕಪಕ್ಕಕ್ಕೆ ಸಲೀಸಾಗಿ ಜಾರುತ್ತದೆ. ಆದರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಪಲ್ಟಿ ಹೊಡೆಯುವುದು ಬಲು ಅಪರೂಪ. ನೀರು ಬಯಸುವ ತಲೆಯನ್ನು ಎಣ್ಣೆಯೊಳಗೆ ಮುಳುಗಿಸಿ ಆಚೆ ಎಳೆಯಬೇಕಲ್ವಾ? ಮೊದಲ ಪ್ರಶ್ನೆಯ ಉತ್ತರ ಪೂರ್ತಿ ಇದರಲ್ಲೇ ಇದೆ.

ಹೆಜ್ಜೆ 3: ಎಣ್ಣೆಯೊಳಗೆ ನುಗ್ಗಬಲ್ಲದಾ?

ವಸ್ತುವನ್ನು ಹಿಡಿದು ಮೊದಲು ನೋಡಬೇಕಾದ್ದು ಆವೇಶ. ಆವೇಶ ಇದ್ದರೆ ಮುಗಿಯಿತು, ಎಷ್ಟೇ ಚಿಕ್ಕದಾದರೂ ಲಿಪಿಡ್ ಪದರ ಬಿಡುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಲ್ಲ ಹೊರಗೇ. ಅವು ಚಿಕ್ಕವು ಅಂತ ನುಸುಳಿಬಿಡುತ್ತವೆ ಅಂದುಕೊಳ್ಳಬೇಡಿ. ಅಯಾನಿನ (ಅಂದರೆ ಆವೇಶ ಇರುವ ಇಂಥ ಕಣದ) ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ, ಆ ನೀರನ್ನು ಬಿಟ್ಟು ಎಣ್ಣೆಗೆ ಇಳಿಯುವುದು ಅದಕ್ಕೆ ತುಂಬಾ ದುಬಾರಿ.

ಆವೇಶ ಇಲ್ಲವಾ? ಹಾಗಿದ್ದರೆ ಗಾತ್ರ ಮತ್ತು ಜಿಡ್ಡು ನೋಡಿ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಸಲೀಸಾಗಿ ದಾಟುತ್ತವೆ. ಸ್ಟೀರಾಯ್ಡ್ ಹಾರ್ಮೋನುಗಳು ಗಾತ್ರದಲ್ಲಿ ದೊಡ್ಡವು, ಆದರೂ ಜಿಡ್ಡಿನ ಜಾತಿಯವು, ಹಾಗಾಗಿ ದಾಟುತ್ತವೆ. ಗ್ಲೂಕೋಸ್‌ಗೆ ಆವೇಶ ಇಲ್ಲ, ಆದರೆ ನೀರು ಬಯಸುವ ಗುಂಪುಗಳು ಮೈ ತುಂಬ ಇವೆ, ಗಾತ್ರವೂ ದೊಡ್ಡದು. ಅದಕ್ಕೆ ಎಣ್ಣೆ ದಾಟುವುದು ಕಷ್ಟ. ನೀರಿನ ಅಣು ಮಾತ್ರ ನಡುವಿನದು: ಸ್ವಲ್ಪ ಸ್ವಲ್ಪ ನುಸುಳುತ್ತದೆ, ಆದರೆ ಕೋಶಕ್ಕೆ ಬೇಕಾದ ವೇಗದಲ್ಲಿ ಅಲ್ಲ.

ಎಣ್ಣೆಯಲ್ಲಿ ನುಗ್ಗಬಲ್ಲದು ಅಂತಾದರೆ ಅದಕ್ಕೆ ಬಾಗಿಲು ಬೇಡ. ಆಗುವುದಿಲ್ಲ ಅಂತಾದರೆ ಪ್ರೋಟೀನ್ ಬೇಕೇ ಬೇಕು. ಉತ್ತರ ಬರೆದುಕೊಂಡು ಮುಂದಕ್ಕೆ ಹೋಗಿ.

ಹೆಜ್ಜೆ 4: ಇಳಿಜಾರು ಯಾವ ಕಡೆ?

ಪುಸ್ತಕದಲ್ಲಿ ಸಾರತೆ ಅಂತಾರೆ. ಸದ್ಯಕ್ಕೆ ದಟ್ಟಣೆ ಅಂದುಕೊಳ್ಳಿ. ದಟ್ಟಣೆ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುವುದು ಇಳಿಜಾರಿನಲ್ಲಿ ಇಳಿದ ಹಾಗೆ, ಯಾರೂ ದೂಡಬೇಕಿಲ್ಲ. ಅಣುಗಳಿಗೆ ಅಲ್ಲಿಗೆ ಹೋಗಬೇಕೆಂಬ ಆಸೆ ಏನಿಲ್ಲ. ಅವು ದಿಕ್ಕುದೆಸೆ ಇಲ್ಲದೆ ಕುಣಿಯುತ್ತಿರುತ್ತವೆ, ಜಾಸ್ತಿ ಇರುವ ಕಡೆಯಿಂದ ಈಚೆ ಬರುವವು ಜಾಸ್ತಿ, ಅಷ್ಟೆ. ಎರಡೂ ಕಡೆ ಸಮವಾದ ಮೇಲೂ ಓಡಾಟ ನಿಲ್ಲುವುದಿಲ್ಲ. ಹೋಗುವವು ಎಷ್ಟೋ ಬರುವವೂ ಅಷ್ಟೇ ಇರುವುದರಿಂದ ಲೆಕ್ಕದಲ್ಲಿ ಬದಲಾವಣೆ ಕಾಣುವುದಿಲ್ಲ.

ಅಯಾನಿಗೆ ಇನ್ನೊಂದು ಲೆಕ್ಕವೂ ಇದೆ. ಕೋಶದ ಒಳಬದಿ ಹೊರಗಿಗಿಂತ ಋಣಾವೇಶದಲ್ಲಿರುತ್ತದೆ. ಹಾಗಾಗಿ ಧನ ಅಯಾನುಗಳಿಗೆ ಒಳಗಿನ ಸೆಳೆತ ಬೇರೆ. ದಟ್ಟಣೆ ಮತ್ತು ಆವೇಶ ಎರಡನ್ನೂ ಕೂಡಿಸಿಯೇ ಇಳಿಜಾರು ಹೇಳಬೇಕು.

ವಿಸರಣೆ ಹತ್ತಿರಕ್ಕೆ ಚುರುಕು, ದೂರಕ್ಕೆ ಸೋಮಾರಿ. ಸಣ್ಣ ಅಣುವೊಂದು ನೀರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ದೂರ ಹೋಗಲು ಸುಮಾರು 0.05 ಸೆಕೆಂಡ್ ಸಾಕು. ಒಂದು ಮಿಲಿಮೀಟರಿಗೆ ಸುಮಾರು 8 ನಿಮಿಷ, ಒಂದು ಸೆಂಟಿಮೀಟರಿಗೆ ಸುಮಾರು 14 ಗಂಟೆ! ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ಕೋಶಗಳು ಯಾಕೆ ಅಷ್ಟು ಚಿಕ್ಕವು ಅಂತ ಕೇಳಿದರೆ ಹೇಳಲು ಇದೊಂದು ಒಳ್ಳೆಯ ಉತ್ತರ.

ಹೆಜ್ಜೆ 5: ಬಾಗಿಲು ಯಾವ ತರದ್ದು, ಖರ್ಚು ಯಾರದು?

ಇಳಿಜಾರಿನಲ್ಲೇ ಹೋಗುವುದಾದರೆ ಬಾಗಿಲು ಇದ್ದರೆ ಸಾಕು, ಶಕ್ತಿ ಬೇಡ. ಇದು ಸುಗಮ ವಿಸರಣೆ. "ಪ್ರೋಟೀನ್ ಸಹಾಯ ಮಾಡಿತು, ಹಾಗಾಗಿ ಶಕ್ತಿ ಖರ್ಚಾಯಿತು" ಅಂತ ಬರೆಯುವವರು ತುಂಬಾ ಜನ. ತಪ್ಪು. ಸಹಾಯ ಬೇರೆ, ಖರ್ಚು ಬೇರೆ.

ಬಾಗಿಲಿನಲ್ಲಿ ಎರಡು ತರ. ಒಂದು ಕಾಲುವೆ, ತೆರೆದರೆ ಸಾಲಾಗಿ ನುಗ್ಗುತ್ತವೆ. ಪೊಟ್ಯಾಸಿಯಂ ಕಾಲುವೆಯೊಂದರಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಅಯಾನು ಹಾದುಹೋಗಬಲ್ಲವು. ಸೋಡಿಯಂ ಪೊಟ್ಯಾಸಿಯಂಗಿಂತ ಚಿಕ್ಕದು, ಆದರೂ ಈ ಕಾಲುವೆ ಅದನ್ನು ಬಿಡುವುದಿಲ್ಲ. ಒಳಗಿರುವ ಆಮ್ಲಜನಕ ಪರಮಾಣುಗಳ ಸಾಲು ಪೊಟ್ಯಾಸಿಯಂ ಅಳತೆಗೇ ಹೊಲಿದ ಅಂಗಿಯ ಹಾಗಿದೆ. ಸೋಡಿಯಂಗೆ ಅದು ದೊಗಳೆ, ಹಾಗಾಗಿ ತನ್ನ ನೀರು ಬಿಟ್ಟು ಒಳಗೆ ಬರುವುದಕ್ಕೆ ಅದಕ್ಕೆ ಲಾಭವಿಲ್ಲ. ಈ ರಚನೆಯನ್ನು ಬಿಡಿಸಿದ ರಾಡರಿಕ್ ಮ್ಯಾಕಿನನ್‌ಗೆ 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇನ್ನೊಂದು ವಾಹಕ. ಇದು ವಸ್ತುವನ್ನು ಒಂದು ಬದಿಯಲ್ಲಿ ಹಿಡಿದು, ಆಕಾರ ಬದಲಿಸಿ, ಇನ್ನೊಂದು ಬದಿಯಲ್ಲಿ ಬಿಡುತ್ತದೆ. ಒಂದೊಂದೇ ಆದ್ದರಿಂದ ನಿಧಾನ. ದಟ್ಟಣೆ ಎಷ್ಟು ಏರಿಸಿದರೂ ಒಂದು ಹಂತದ ಮೇಲೆ ವೇಗ ಏರುವುದಿಲ್ಲ, ಯಾಕೆಂದರೆ ಎಲ್ಲ ವಾಹಕಗಳ ಕೈಯೂ ತುಂಬಿದೆ. ಪರೀಕ್ಷೆಯಲ್ಲಿ ನಕ್ಷೆ ಕೊಟ್ಟರೆ ಇದನ್ನೇ ಹುಡುಕಿ: ಗೆರೆ ನೇರವಾಗಿ ಏರುತ್ತಲೇ ಹೋದರೆ ಸರಳ ವಿಸರಣೆ, ಮೇಲೆ ಹೋಗಿ ಮಟ್ಟಸವಾದರೆ ವಾಹಕ ಇದೆ ಅಂತ.

ಇಳಿಜಾರಿನ ಎದುರಿಗೆ ಹತ್ತಿಸಬೇಕಾದರೆ ಪಂಪ್ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಸೋಡಿಯಂ-ಪೊಟ್ಯಾಸಿಯಂ ಪಂಪ್. 1957ರಲ್ಲಿ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಇದನ್ನು ಕಂಡರು, ನೊಬೆಲ್ ಬರಲು 1997ರವರೆಗೆ ಕಾಯಬೇಕಾಯಿತು. ಇದರ ಒಂದು ಸುತ್ತು ನಿಧಾನವಾಗಿ ನೋಡಿ. ಒಳಗಿನಿಂದ 3 ಸೋಡಿಯಂ ಬಂದು ಕೂರುತ್ತವೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವೊಂದು ತನ್ನ ಫಾಸ್ಫೇಟನ್ನು ಪಂಪಿಗೆ ಅಂಟಿಸುತ್ತದೆ. ಪಂಪ್ ಆಕಾರ ಬದಲಿಸಿ ಹೊರಗಡೆಗೆ ಬಾಯಿ ತೆರೆಯುತ್ತದೆ, ಸೋಡಿಯಂ ಹೊರಬೀಳುತ್ತದೆ. ಹೊರಗಿನಿಂದ 2 ಪೊಟ್ಯಾಸಿಯಂ ಬಂದು ಕೂರುತ್ತವೆ. ಫಾಸ್ಫೇಟ್ ಕಳಚುತ್ತದೆ. ಪಂಪ್ ಮೊದಲಿನ ಆಕಾರಕ್ಕೆ ಮರಳಿ ಪೊಟ್ಯಾಸಿಯಂ ಒಳಗೆ ಬಿಡುತ್ತದೆ. ಮೂರು ಆಚೆ, ಎರಡು ಈಚೆ.

ಇದು ಬಿಡುವಿಲ್ಲದೆ ನಡೆಯುವುದರಿಂದಲೇ ಸೋಡಿಯಂ ಹೊರಗೆ ಲೀಟರಿಗೆ ಸುಮಾರು 145 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ) ಇದ್ದರೆ ಒಳಗೆ ಬರೀ 10-15. ಪೊಟ್ಯಾಸಿಯಂ ತದ್ವಿರುದ್ಧ, ಒಳಗೆ ಸುಮಾರು 140, ಹೊರಗೆ 4-5. ಪ್ರಾಣಿಕೋಶದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇದೊಂದಕ್ಕೇ ಹೋಗುತ್ತದೆ, ನರಕೋಶಗಳಲ್ಲಿ ಇನ್ನೂ ಜಾಸ್ತಿ. ದುಂದು ಅನ್ನಿಸಿತಾ? ಈ ಸೋಡಿಯಂ ಇಳಿಜಾರು ಕೋಶ ಕೂಡಿಟ್ಟ ಗಂಟು. ಅದನ್ನು ಎಲ್ಲಿ ಖರ್ಚು ಮಾಡುತ್ತದೆ ಅಂತ ಕೊನೆಯಲ್ಲಿ ನೋಡೋಣ.

ಹೆಜ್ಜೆ 6: ನೀರಿನ ಲೆಕ್ಕ ಬೇರೆ ಇಡಿ

ಜನ ಎಡವುವುದು ಇಲ್ಲೇ. ಉಪ್ಪಿನ ದಟ್ಟಣೆ ಜಾಸ್ತಿ ಇರುವ ಕಡೆ ನೀರಿನ ಪಾಲು ಕಡಿಮೆ. ನೀರು ತನ್ನ ಇಳಿಜಾರಿನಲ್ಲಿ ಹೋಗುತ್ತದೆ, ಅಂದರೆ ಉಪ್ಪು ಜಾಸ್ತಿ ಇರುವ ಕಡೆಗೆ. ಇದೇ ಅಭಿಸರಣೆ. ಉಪ್ಪು ದಾಟಲಾರದು, ನೀರು ದಾಟಬಲ್ಲದು, ಅದಕ್ಕೇ ಈ ಆಟ.

ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಊದಿ ಒಡೆಯುತ್ತದೆ. ಗಾಢ ಉಪ್ಪುನೀರಿಗೆ ಹಾಕಿದರೆ ಸೊರಗಿ ಸುಕ್ಕುಗಟ್ಟುತ್ತದೆ. ಲೀಟರಿಗೆ 9 ಗ್ರಾಂ ಉಪ್ಪಿನ ದ್ರಾವಣದಲ್ಲಿ ಹಾಗೇ ಇರುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಬರೀ ನೀರು ಹಾಕದೆ ಸಲೈನ್ ಹಾಕುವುದು ಇದಕ್ಕೇ. ಸಸ್ಯಕೋಶ ಮಾತ್ರ ನೀರು ಕುಡಿದು ಊದಿದರೂ ಒಡೆಯುವುದಿಲ್ಲ. ಕೋಶಭಿತ್ತಿ ಬಿಗಿಯಾಗಿ ಹಿಡಿದಿರುತ್ತದೆ.

ನೀರಿಗೂ ತನ್ನದೇ ಕಾಲುವೆ ಇದೆ, ಅಕ್ವಾಪೊರಿನ್ ಅಂತ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆ ಮೇಲೆ ಹೇಳಿದ ಅದೇ 2003ರ ನೊಬೆಲ್ ಹಂಚಿಕೊಂಡವರು. ಒಂದು ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು, ಒಂದರ ಹಿಂದೆ ಒಂದು.

ಹೆಜ್ಜೆ 7: ಕಣ್ಣಾರೆ ನೋಡಿ

ಒಂದು ಸೂಕ್ಷ್ಮದರ್ಶಕ ಸಿಗುವುದಾದರೆ ಇದನ್ನು ಬಿಡಬೇಡಿ. ಕೆಂಪು ಈರುಳ್ಳಿ ತಗೊಳ್ಳಿ, ಬಿಳಿಯದು ಬೇಡ. ಒಂದು ಎಸಳಿನ ಹೊರಬದಿಯಿಂದ ನೇರಳೆ ಬಣ್ಣದ ತೆಳು ಸಿಪ್ಪೆಯನ್ನು ಚಿಮಟದಲ್ಲಿ ಎಳೆಯಿರಿ. ಮೊದಲ ಸಲ ದಪ್ಪವಾಗಿ ಬರುತ್ತದೆ, ಎರಡನೆಯದೂ ಹಾಗೇ. ಬೇಜಾರಾಗಬೇಡಿ, ಗಾಜಿನ ಹಾಗೆ ಬೆಳಕು ಹಾಯುವ ಚೂರು ಸಿಗುವವರೆಗೆ ಎಳೆಯಿರಿ. ಉಗುರಿನ ಅರ್ಧದಷ್ಟಿದ್ದರೆ ಸಾಕು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರಲ್ಲಿ ಸಿಪ್ಪೆ, ಮೇಲೆ ಕವರ್ ಸ್ಲಿಪ್. ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದೂ ಅಂಚಿನವರೆಗೆ ನೇರಳೆ ತುಂಬಿಕೊಂಡಿರುತ್ತವೆ. ಆ ಬಣ್ಣ ಇರುವುದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ದೊಡ್ಡ ಚೀಲದಲ್ಲಿ.

ಈಗ ಕವರ್ ಸ್ಲಿಪ್ಪಿನ ಒಂದು ಬದಿಗೆ ಗಾಢ ಉಪ್ಪುನೀರಿನ ಒಂದು ಹನಿ ಬಿಡಿ. ಎದುರು ಬದಿಗೆ ಒತ್ತುಕಾಗದದ ಚೂರು ತಾಗಿಸಿ. ಕಾಗದ ಈಚೆಯಿಂದ ನೀರು ಹೀರಿದ ಹಾಗೆ ಆಚೆಯಿಂದ ಉಪ್ಪುನೀರು ಒಳಗೆ ಬರುತ್ತದೆ. ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಮೂಲೆಗಳಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ, ಮೂಲೆ ಖಾಲಿ, ಆಮೇಲೆ ಬದಿ ಖಾಲಿ, ಕೊನೆಗೆ ಕೋಶದ ನಡುವೆ ಗಾಢ ನೇರಳೆಯ ಒಂದು ಉಂಡೆ ಮಾತ್ರ. ಆ ಉಂಡೆಯ ಅಂಚು ಇದೆಯಲ್ಲ, ಪೊರೆ ಇರುವುದು ಅಲ್ಲೇ. ಪೊರೆ ಕಾಣುವುದಿಲ್ಲ ಅಂದಿದ್ದೆ, ನಿಜ, ಆದರೆ ಅದು ಎಲ್ಲಿದೆ ಅಂತ ಈಗ ಬೆರಳಿಟ್ಟು ತೋರಿಸಬಹುದು.

ಅದೇ ರೀತಿ ಶುದ್ಧ ನೀರು ಹಾಯಿಸಿ. ಕೋಶ ಬದುಕಿದ್ದರೆ ಬಣ್ಣ ಮತ್ತೆ ಅಂಚಿಗೆ ಬರುತ್ತದೆ. ನಾನು ಮೊದಲ ಸಲ ಮಾಡಿದಾಗ ಉಪ್ಪುನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದೆ, ಏನೂ ವಾಪಸ್ ಬರಲಿಲ್ಲ. ಕೋಶಗಳು ಸತ್ತಿದ್ದವು. ಇನ್ನೊಂದು ಸಿಪ್ಪೆಯನ್ನು ಕುದಿಸಿ ನೋಡಿ: ಪೊರೆ ಹಾಳಾಗಿ ಬಣ್ಣ ಸೋರಿಹೋಗುತ್ತದೆ, ಉಪ್ಪುನೀರಿಗೆ ಕುಗ್ಗುವ ಪ್ರಶ್ನೆಯೇ ಇಲ್ಲ.

ಸೂಕ್ಷ್ಮದರ್ಶಕ ಇಲ್ಲದವರು ಮೊಟ್ಟೆಯನ್ನು ವಿನೆಗರ್‌ನಲ್ಲಿ ಒಂದೆರಡು ದಿನ ಇಟ್ಟು, ಚಿಪ್ಪು ಕರಗಿದ ಮೇಲೆ ತೂಕ ಬರೆದುಕೊಂಡು, ಒಂದು ದಿನ ನೀರಿನಲ್ಲಿ, ಇನ್ನೊಂದು ದಿನ ಗಾಢ ಸಕ್ಕರೆ ಪಾಕದಲ್ಲಿ ಇಟ್ಟು ತೂಗಬಹುದು. ನೀರಿನಲ್ಲಿ ಏರುತ್ತದೆ, ಪಾಕದಲ್ಲಿ ಇಳಿಯುತ್ತದೆ. ಆದರೆ ಅಲ್ಲಿರುವುದು ಪ್ರೋಟೀನ್ ನಾರಿನ ಚಿಪ್ಪುಪೊರೆ, ಕೋಶಪೊರೆ ಅಲ್ಲ. ಬರೆಯುವಾಗ ಎರಡನ್ನೂ ಬೆರೆಸಬೇಡಿ.

ಹೆಜ್ಜೆ 8: ಬಾಗಿಲಿಗೆ ಹಿಡಿಸದ್ದು

ಬ್ಯಾಕ್ಟೀರಿಯಾದಂಥ ದೊಡ್ಡದು ಯಾವ ಕಾಲುವೆಯಲ್ಲೂ ತೂರುವುದಿಲ್ಲ. ಆಗ ಪೊರೆಯೇ ಬಾಗಿ, ಅದನ್ನು ಸುತ್ತುವರಿದು, ಚೀಲ ಕಟ್ಟಿ ಒಳಗೆ ಎಳೆದುಕೊಳ್ಳುತ್ತದೆ. ಇದು ಎಂಡೊಸೈಟೋಸಿಸ್. ಬಿಳಿ ರಕ್ತಕಣ ಮಾಡುವುದು ಇದನ್ನೇ. ಒಳಗಿನ ಚೀಲ ಪೊರೆಗೆ ಅಂಟಿ ಹೊರಗೆ ಸುರಿದರೆ ಎಕ್ಸೊಸೈಟೋಸಿಸ್. ಇನ್ಸುಲಿನ್ ಹೊರಬರುವುದು ಹೀಗೆ. ಎರಡಕ್ಕೂ ಶಕ್ತಿ ಬೇಕು.

ಹೆಜ್ಜೆ 9: ಸಕ್ಕರೆಯನ್ನು ಕರುಳಿನಿಂದ ರಕ್ತಕ್ಕೆ ದಾಟಿಸಿ

ನಾನು ಬಾಯಿ ಬಿಟ್ಟುಕೊಂಡು ನಿಂತ ಪ್ರಶ್ನೆ ಇದು. ಸಣ್ಣಕರುಳಿನ ಒಂದು ಕೋಶ ಬರೆಯಿರಿ. ಎಡಕ್ಕೆ ಕರುಳಿನ ಒಳಜಾಗ, ಬಲಕ್ಕೆ ರಕ್ತ. ಗ್ಲೂಕೋಸ್ ಎರಡು ಸಲ ಪೊರೆ ದಾಟಬೇಕು, ಎರಡು ಸಲವೂ ಪ್ರಶ್ನೆ ಕೇಳಿ.

ಎಡಗಡೆ. ಎಣ್ಣೆಯಲ್ಲಿ ನುಗ್ಗುತ್ತದಾ? ಇಲ್ಲ. ಇಳಿಜಾರು? ಎಷ್ಟೋ ಸಲ ಕೋಶದೊಳಗೇ ಗ್ಲೂಕೋಸ್ ಜಾಸ್ತಿ, ಅಂದರೆ ಏರು ಹತ್ತಬೇಕು. ಖರ್ಚು ಯಾರದು? ಇಲ್ಲಿ ಎಟಿಪಿ ನೇರವಾಗಿ ಕಾಣಿಸುವುದಿಲ್ಲ. ಎಸ್‌ಜಿಎಲ್‌ಟಿ-1 ಎಂಬ ವಾಹಕ 2 ಸೋಡಿಯಂ ಮತ್ತು 1 ಗ್ಲೂಕೋಸನ್ನು ಒಟ್ಟಿಗೇ ಒಳಗೆ ಬಿಡುತ್ತದೆ. ಸೋಡಿಯಂ ಇಳಿಜಾರಿನಲ್ಲಿ ಉರುಳುವ ರಭಸದಲ್ಲಿ ಗ್ಲೂಕೋಸ್ ಏರು ಹತ್ತುತ್ತದೆ. ಕೂಡಿಟ್ಟ ಗಂಟು ಖರ್ಚಾಗುವುದು ಇಲ್ಲೇ.

ಬಲಗಡೆ. ಈಗ ಕೋಶದೊಳಗೆ ಗ್ಲೂಕೋಸ್ ಜಾಸ್ತಿ, ರಕ್ತದಲ್ಲಿ ಕಡಿಮೆ. ಇಳಿಜಾರು ಸಿಕ್ಕಿತು. ಗ್ಲೂಟ್-2 ಎಂಬ ಸಾದಾ ವಾಹಕ ಸಾಕು, ಖರ್ಚಿಲ್ಲ. ಒಳಗೆ ಬಂದ ಸೋಡಿಯಂ? ಬಲಗಡೆಯ ಪೊರೆಯಲ್ಲೇ ಇರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅದನ್ನು ಎತ್ತಿ ಹೊರಹಾಕುತ್ತದೆ. ಎಟಿಪಿ ಬಿಲ್ ಬರುವುದು ಅಲ್ಲಿ.

ವಾಂತಿಭೇದಿಗೆ ಕೊಡುವ ಓಆರ್‌ಎಸ್‌ನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಎರಡೂ ಯಾಕಿವೆ ಅಂತ ಈಗ ನೀವೇ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಗ್ರಾಂ ಬಿಟ್ಟು ಅಣುಗಳ ಲೆಕ್ಕ ಹಾಕಿದರೆ ಗ್ಲೂಕೋಸ್ ಮತ್ತು ಒಟ್ಟು ಸೋಡಿಯಂ ಸರಿಸಮ, ಎರಡೂ 75 ಮಿಲಿಮೋಲ್. ಎರಡೂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ.

ಇನ್ನು ಒಂದು ಅಭ್ಯಾಸ. ಊಬೈನ್ ಎಂಬ ಸಸ್ಯವಿಷ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಮಾತ್ರ ನಿಲ್ಲಿಸುತ್ತದೆ, ಎಸ್‌ಜಿಎಲ್‌ಟಿ-1 ಅನ್ನು ಮುಟ್ಟುವುದಿಲ್ಲ. ಅದನ್ನು ಈ ಕೋಶದ ಬಲಬದಿಗೆ ಹಾಕಿದರೆ ಎಡಬದಿಯಲ್ಲಿ ಗ್ಲೂಕೋಸ್ ಒಳಬರುವುದು ಮೆಲ್ಲಮೆಲ್ಲಗೆ ಕುಂಠಿತವಾಗುತ್ತದೆ. ಯಾಕೆ ತಕ್ಷಣ ಅಲ್ಲ, ಯಾಕೆ ಮೆಲ್ಲಗೆ? ಚಿತ್ರದಲ್ಲಿ ಒಳಗಿನ ಸೋಡಿಯಂ ಚುಕ್ಕೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತಾ ಹೋಗಿ, ಇಳಿಜಾರು ಚಪ್ಪಟೆಯಾಗುವುದು ಕಾಣುತ್ತದೆ.